ಗಾಜಿನ ಕಡಲಿಗೊಂದು ತಳ

ಹೊಸಂಗಡಿಯ ನಮ್ಮ ಮನೆಗೆ ಮಳೆಗಾಲದ ರಾತ್ರಿಗಳಲ್ಲಿ ಕಡಲಿನ ಮೊರೆತ ಕೇಳಿಸುತ್ತದೆ. ಇಂಥ ಮನೆಯೊಳಗೆ ಇನ್ನೊಂದು ಕಡಲನ್ನು ಗಾಜಿನ ಪೆಟ್ಟಿಗೆಯಲ್ಲಿ ತಂದಿರಿಸಬೇಕೆಂದು ಮೊಮ್ಮಗ ಹಠ ಹಿಡಿದಾಗ ನನಗೆ ನಗು ಬಂದಿತ್ತು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ. ಸುಮಾರು 180 ಲೀಟರ್ ಉಪ್ಪುನೀರು ಹಿಡಿಯುವಂಥದು. ಅದಕ್ಕೆ ಮರಳೂ ಕಲ್ಲೂ ಬೇಕೆಂದ. “ಅದಕ್ಕೇನಂತೆ? ಮರಳಿಗೆ ಕಣ್ವತೀರ್ಥದ ಕಡಲತಡಿಯಿದೆ, ಕಲ್ಲಿಗೆ ಹಿತ್ತಲ ಮುರಕಲ್ಲಿದೆ. ಎಲ್ಲವೂ ನಮ್ಮದೇ” ಎಂದೆ.

ಆತ ವಾದಿಸಲಿಲ್ಲ. ಕಡಲತಡಿಯ ಒಂದು ಚಿಟಿಕೆ ಮರಳು, ಮುರಕಲ್ಲಿನ ಚೂರು, ಅಂಗಳದ ಮೂಲೆಯಲ್ಲಿ ಬಿದ್ದಿದ್ದ ಮರುವಾಯಿ ಚಿಪ್ಪು, ಈ ಮೂರನ್ನೂ ಬೇರೆ ಬೇರೆ ಬಟ್ಟಲಲ್ಲಿಟ್ಟು ಮೇಲೆ ವಿನೆಗರ್ ಸುರಿದ. ಮುರಕಲ್ಲು ಮೌನವಾಗಿತ್ತು. ಮರಳಿನಲ್ಲಿ ಸೇರಿದ್ದ ಚಿಪ್ಪಿನ ಚೂರುಗಳಿಂದ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದಿತು, ಅಷ್ಟೆ. ಚಿಪ್ಪು ಮಾತ್ರ ನೊರೆನೊರೆಯಾಗಿ ಉಕ್ಕಿತು.

ನಮ್ಮ ಮರಳಿನ ಬಹುಪಾಲು ಸಿಲಿಕಾ. ಅದು ವಿಷವಲ್ಲ, ಆದರೆ ನೀರಿಗೆ ಕೊಡುವುದೇನೂ ಅದರ ಬಳಿ ಇಲ್ಲ. ಮುರಕಲ್ಲು ಕಬ್ಬಿಣ ಮತ್ತು ಅಲ್ಯುಮಿನಿಯಮ್‌ಗಳ ಆಕ್ಸೈಡುಗಳ ಮುದ್ದೆ. ನೂರು ವರ್ಷ ಗೋಡೆಯಾಗಿ ನಿಂತೀತು, ಕಡಲ ಜೀವಿಗಳಿಗೆ ಹಾಸಿಗೆಯಾಗಲಾರದು. ಚಿಪ್ಪು, ಹವಳ, ಅರಗೊನೈಟ್ ಮರಳು ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯತ್ತ ವಾಲಿದಾಗ ಇವು ಕಿಂಚಿತ್ ಕರಗಿ, ಆ ಇಳಿತವನ್ನು ತಡೆಯಲು ನೆರವಾಗುತ್ತವೆ. ಕಡಲ ಮೀನಿಗೆ ಬೇಕಾದ ಪಿಎಚ್ 8.1ರಿಂದ 8.3. ಮುರಕಲ್ಲಿನ ಮೇಲಿನ ನನ್ನ ಅಭಿಮಾನಕ್ಕೆ ಆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ.

ಕಲ್ಲನ್ನು ವಿಚಾರಿಸಿದಾಗ ಪಟ್ಟಣದ ವ್ಯಾಪಾರಿಯೊಬ್ಬ ದನಿ ತಗ್ಗಿಸಿ, “ಲಕ್ಷದ್ವೀಪದ ಅಸಲಿ ಹವಳದ ಕಲ್ಲಿದೆ, ತರಿಸಿಕೊಡಲೇ?” ಎಂದ. ನನ್ನ ಮನಸ್ಸು ತಟ್ಟನೆ ಆಸೆಪಟ್ಟಿತೆಂಬುದನ್ನು ಮರೆಮಾಚಲಾರೆ. ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ದ್ವೀಪಗಳು ಒಂದು ಕಾಲಕ್ಕೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; ಅದೇ ದಿನ ಆ ದ್ವೀಪಗಳೂ ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶವಾದವು. ಜತೆಯಲ್ಲಿದ್ದು ಒಂದೇ ದಿನ ಮನೆಬಿಟ್ಟ ಒಡಹುಟ್ಟುಗಳಂತೆ ನಾವು. ಆ ಕಲ್ಲು ನಮ್ಮ ಮನೆಗೆ ಬಂದರೆ ತಪ್ಪೇನು ಎಂದು ಮನಸ್ಸು ವಕಾಲತ್ತು ವಹಿಸಿತು.

ತಪ್ಪಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಅವುಗಳಿಗೂ ಇದೆ. ಆದರೆ ನನ್ನನ್ನು ತಡೆದದ್ದು ಕಾಯಿದೆಗಿಂತ ಮೊಮ್ಮಗನ ಪ್ರಶ್ನೆ: “ಅಜ್ಜ, ಆ ದ್ವೀಪ ನಿಂತಿರುವುದೇ ಹವಳದ ಮೇಲಲ್ಲವೇ? ಅದರ ತಳ ಕಿತ್ತು ನಮ್ಮ ತೊಟ್ಟಿಗೆ ತಳ ಹಾಕುವುದೇ?” ನಮ್ಮ ಕೈಗೆ ಕೇಳದೆಯೇ ಗೆರೆ ಎಳೆಸಿಕೊಂಡವರಿಗೆ ಆ ಪ್ರಶ್ನೆ ಅರ್ಥವಾಗದೆ ಇದ್ದೀತೇ?

ಕೊನೆಗೆ ಕಲ್ಲನ್ನು ನಾವೇ ಮಾಡಿದೆವು. ಚಿಪ್ಪು ಸುಟ್ಟು ಸುಣ್ಣ ಮಾಡಿದ ನಾಡು ನಮ್ಮದು. ಮರುವಾಯಿ ಚಿಪ್ಪನ್ನು ಜಜ್ಜಿ, ಸಿಮೆಂಟಿನೊಡನೆ ಕಲಸಿ, ನಡುನಡುವೆ ಕಲ್ಲುಪ್ಪು ಸೇರಿಸಿ ಉಂಡೆಕಟ್ಟಿದೆವು. ಉಪ್ಪು ಕರಗಿದಲ್ಲೆಲ್ಲ ರಂಧ್ರಗಳಾದವು. ಸಿಮೆಂಟಿನ ಕ್ಷಾರ ಇಳಿಯುವವರೆಗೆ, ನೀರು ಬದಲಿಸುತ್ತ ಎರಡು ತಿಂಗಳು ನೆನೆಹಾಕಿದೆವು. ಮರಳಿಗೆ ಮಾತ್ರ ಬಹಾಮಾ ದ್ವೀಪಗಳ ಕಡೆಯ ಅರಗೊನೈಟ್ ಕೊಂಡೆವು. ಅದು ಹವಳ ಒಡೆದ ಪುಡಿಯಲ್ಲ, ಕಡಲ ನೀರಿನಿಂದಲೇ ಪದರಪದರವಾಗಿ ಗಟ್ಟಿಯಾದ ಉರುಟು ಕಾಳು. ಒಂದೂವರೆ ಅಂಗುಲ ಹರಡಲು 23 ಕಿಲೋ ಹಿಡಿಯಿತು. ಮೊದಲು ಗಾಜಿನ ಮೇಲೆ ಕಲ್ಲು, ಆಮೇಲೆ ಅದರ ಸುತ್ತ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ, ಬಿಲ ತೋಡುವ ಮೀನು ಅಡಿಯನ್ನು ಕೊರೆದು ಕಲ್ಲನ್ನು ಉರುಳಿಸುತ್ತದೆ.

ಮೂರನೆಯ ವಾರ ನೀರು ಸ್ಫಟಿಕದಂತಿತ್ತು. ಮೊಮ್ಮಗ ಶಾಲೆಗೆ ಹೋಗಿದ್ದಾಗ, ಅವನಿಗೆ ಅಚ್ಚರಿಯಾಗಲೆಂದು ನಾನೊಂದು ಕ್ಲೌನ್ ಮೀನು ತಂದು ಬಿಟ್ಟೆ. ಎರಡನೆಯ ದಿನ ಬೆಳಗ್ಗೆ ಅದು ಸತ್ತು ತೇಲುತ್ತಿತ್ತು. ಮೀನಿನ ಮಲದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟಾಗಿಯೂ ಆಮೇಲೆ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಕಲ್ಲು ಮರಳುಗಳ ಮೈಮೇಲೆ ನೆಲೆಯೂರಬೇಕು. ನಮ್ಮ ಕಲ್ಲು ಇನ್ನೂ ಬರಿಯ ಕಲ್ಲಾಗಿತ್ತು. ಹುಡುಗ ನನ್ನನ್ನು ದೂರಲಿಲ್ಲ. ಮೀನನ್ನು ತೆಂಗಿನ ಬುಡದಲ್ಲಿ ಹೂತು ಬಂದು, ಪರೀಕ್ಷೆಯ ಸೀಸೆಗಳನ್ನು ನನ್ನ ಮುಂದಿಟ್ಟ: “ಇನ್ನು ಮೇಲೆ ನೀವೇ ನೋಡಿ ಅಜ್ಜ.”

ದಿನವೂ ನೋಡಿದೆ. ಕಲ್ಲು ಮೊದಲು ಕಂದಾಯಿತು, ಬಳಿಕ ಹಸಿರಾಯಿತು. ಎಂಟನೆಯ ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದವು. ಆಗ, ಕಡಲಿನಿಂದ ಹಿಡಿಯದೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಎರಡು ಮೀನುಗಳನ್ನು ತಂದೆವು.

“ಎಲ್ಲವೂ ನಮ್ಮದೇ” ಎಂದು ಹೊರಟವನು ನಾನು. ನಮ್ಮ ಮಣ್ಣು, ನಮ್ಮ ಕಲ್ಲು ಎಂಬ ಮಾತಿನಲ್ಲೇ ಕಾಸರಗೋಡಿನ ನಾವು ಉಸಿರಾಡುತ್ತ ಬಂದಿದ್ದೇವೆ. ಆ ಮಾತನ್ನು ನಾನಿಂದೂ ಬಿಟ್ಟಿಲ್ಲ. ಆದರೆ ಅದರ ಜತೆಗೆ ಇನ್ನೊಂದನ್ನು ಕೇಳಲು ಕಲಿತಿದ್ದೇನೆ: ಈ ತಳದ ಮೇಲೆ ಬದುಕಬೇಕಾದ ಜೀವಕ್ಕೆ ಏನು ಬೇಕು? ಸಂಜೆ ತೊಟ್ಟಿಯ ಮುಂದೆ ಕುಳಿತರೆ ಮರುವಾಯಿ ಕಲ್ಲಿನ ಸಂದಿನಿಂದ ಒಂದು ಮೀನು ಇಣುಕುತ್ತದೆ. ಹಿತ್ತಲ ಮುರಕಲ್ಲು ಈಗ ಆ ತೊಟ್ಟಿಯ ಕೆಳಗಿನ ಕಟ್ಟೆಯಾಗಿದೆ. ಅಷ್ಟೂ ಭಾರವನ್ನು ಅದೇ ಹೊತ್ತಿದೆ.