ಹಡಗಿನ ಕೆಲಸ ಹೆಂಗಿರ್ತದೆ ಅಣ್ಣಾ?

ಡೇರಿ ಹತ್ತಿರ, ಬಸ್‌ಸ್ಟ್ಯಾಂಡಿನಲ್ಲಿ, ಕೆಲವು ಸಲ ನಾನು ಸುದ್ದಿಗೆಂದು ಹೋದ ಪಂಚಾಯ್ತಿ ಮೆಟ್ಟಿಲ ಮೇಲೂ ಹುಡುಗರು ನಿಲ್ಲಿಸಿ ಇದನ್ನೇ ಕೇಳುತ್ತಾರೆ. ಪಿಯುಸಿ ಮುಗಿಸಿದವರು, ಐಟಿಐ ಅರ್ಧಕ್ಕೆ ಬಿಟ್ಟವರು, ಗೋವಾದ ಹೋಟೆಲಿನಲ್ಲಿ ಎರಡು ಸೀಸನ್ ದುಡಿದು ಬಂದವರು. ಅವರ ಮೊಬೈಲಿನಲ್ಲಿ ಒಂದು ವೀಡಿಯೊ ಇದ್ದೇ ಇರುತ್ತದೆ. ಬಿಳಿ ಹಡಗು, ಅದರ ಮೇಲೆ ಈಜುಕೊಳ, ಯೂನಿಫಾರ್ಮ್ ಹಾಕಿ ನಗುತ್ತಾ ನಿಂತ ಯಾರೋ ನಮ್ಮ ಕಡೆಯವ.

ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡುತ್ತೇನೆ.

ಈಗ ನನ್ನನ್ನು ನೀವು ಜಿಲ್ಲೆಯ ಸುದ್ದಿ ಕಳಿಸುವವನು ಅಂತ ಬಲ್ಲಿರಿ. ಅದಕ್ಕೂ ಮೊದಲು, 2012ರಿಂದ 2014ರವರೆಗೆ, ನಾನು ಪ್ರವಾಸಿ ಹಡಗಿನಲ್ಲಿ ಎರಡು ಕಾಂಟ್ರ್ಯಾಕ್ಟ್ ಮಾಡಿದೆ. ಆಮೇಲೆ ಎರಡು ಸೀಸನ್ ಗಂಗಾನದಿಯ ಪ್ರವಾಸಿ ದೋಣಿಯಲ್ಲಿ. ಪತ್ರಿಕೋದ್ಯಮ ಡಿಪ್ಲೊಮಾ ಅದೆಲ್ಲ ಮುಗಿದ ಮೇಲಿನದು.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ನನ್ನ ಕಾಲಕ್ಕೆ ಏಜೆಂಟ್ ಒಬ್ಬರು ಒಂದು ಲಕ್ಷ ನಲವತ್ತು ಸಾವಿರ ತೆಗೆದುಕೊಂಡರು. ಅಮ್ಮನ ಎರಡು ಬಳೆ ಸೊಸೈಟಿಯಲ್ಲಿ ಅಡ ಇಟ್ಟು, ಉಳಿದದ್ದಕ್ಕೆ ಅಪ್ಪ ಮಾವನವರ ಹತ್ತಿರ ಕೈ ಚಾಚಿದರು. ರಸೀದಿ ಕೇಳಿದಾಗ ಏಜೆಂಟರು ನಕ್ಕು, "ಹಡಗು ಹತ್ತಿದ ಮೇಲೆ ಡಾಲರ್ ಎಣಿಸು, ರಸೀದಿ ಯಾಕೆ?" ಅಂದಿದ್ದರು. ಈಗ ಹುಡುಗರು ಹೇಳುವ ಮೊತ್ತ ಇದರ ಎರಡು ಪಟ್ಟು, ಮೂರು ಪಟ್ಟು ಇದೆ.

ನಿಯಮ ಏನು ಹೇಳುತ್ತದೆ ಎಂದು ಈ ಕೆಲಸಕ್ಕೆ ಬಂದ ಮೇಲೆ ಓದಿಕೊಂಡೆ. ಹಡಗಿನ ಕೆಲಸಗಾರರಿಗಾಗಿ 2006ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಗಿದೆ. ಭಾರತ 2015ರಲ್ಲಿ ಅದನ್ನು ಒಪ್ಪಿಕೊಂಡಿತು. ಅದರ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ಹುಡುಗನಿಂದ ಒಂದು ರೂಪಾಯಿ ತೆಗೆದುಕೊಳ್ಳುವ ಹಾಗಿಲ್ಲ. ಪಾಸ್‌ಪೋರ್ಟ್, ಮೆಡಿಕಲ್ ಸರ್ಟಿಫಿಕೇಟ್, ಸಿಡಿಸಿ ಎನ್ನುವ ನಾವಿಕರ ಪುಸ್ತಕ, ಇಷ್ಟರ ಖರ್ಚು ಮಾತ್ರ ನಮ್ಮದು. ವೀಸಾದ ಖರ್ಚೂ ಹಡಗಿನವರದ್ದೇ. ಆಳು ಕಳಿಸುವ ಕಚೇರಿಗೆ ಆರ್‌ಪಿಎಸ್‌ಎಲ್ ಎಂಬ ಲೈಸೆನ್ಸ್ ಇರಬೇಕು. ಆ ನಂಬರು ನಿಜವೋ ಸುಳ್ಳೋ ಎಂದು ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ಮೊಬೈಲಿನಲ್ಲೇ ನೋಡಬಹುದು. ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ, ಇವುಗಳ ಸಣ್ಣ ಕೋರ್ಸುಗಳನ್ನು ಮಾತ್ರ ಮಾಡಲೇಬೇಕು.

ಇನ್ನು ಕೆಲಸ. ನಾನು ಕ್ಯಾಬಿನ್ ಸ್ಟೀವರ್ಡ್ ಆಗಿದ್ದೆ. ಅಂದರೆ ರೂಮು ಗುಡಿಸಿ ಒರೆಸಿ ಹಾಸಿಗೆ ಹಾಸುವವ. ನನ್ನ ಪಾಲಿಗೆ ಹದಿನೆಂಟು ರೂಮು, ದಿನಕ್ಕೆ ಎರಡು ಸಲ. ಬೆಳಿಗ್ಗೆ ಜನ ತಿಂಡಿಗೆ ಹೋದಾಗ ಒಮ್ಮೆ, ಸಂಜೆ ಊಟಕ್ಕೆ ಹೋದಾಗ ಒಮ್ಮೆ. ಸಂಜೆಯ ಪಾಳಿಯಲ್ಲಿ ಟವೆಲ್ ಮಡಚಿ ಆನೆ, ಮಂಗ, ಹಂಸ ಮಾಡಿ ಹಾಸಿಗೆ ಮೇಲೆ ಕೂರಿಸಬೇಕು. ಆನೆ ನನಗೆ ಎರಡೇ ನಿಮಿಷದ ಕೆಲಸ. ಇವತ್ತಿಗೂ ಮದುವೆ ಮನೆಯಲ್ಲಿ ಮಕ್ಕಳು ಅಳುತ್ತಿದ್ದರೆ ಟವೆಲ್ ಕೇಳಿ ಆನೆ ಮಾಡಿಕೊಡುತ್ತೇನೆ. ಹಡಗು ಕಲಿಸಿದ್ದರಲ್ಲಿ ಊರಲ್ಲಿ ಬಳಕೆಯಾಗುತ್ತಿರುವುದು ಅದೊಂದೇ.

ಎಲ್ಲಕ್ಕಿಂತ ಕಷ್ಟದ್ದು ಹಡಗು ತಿರುಗಿ ಬಂದರಿಗೆ ಬರುವ ದಿನ. ಬೆಳಿಗ್ಗೆ ಒಂಬತ್ತರೊಳಗೆ ಎರಡೂವರೆ ಸಾವಿರ ಜನ ಇಳಿಯುತ್ತಾರೆ, ಮಧ್ಯಾಹ್ನಕ್ಕೆ ಅಷ್ಟೇ ಜನ ಹತ್ತುತ್ತಾರೆ. ನಡುವಿನ ಮೂರು ನಾಲ್ಕು ತಾಸಿನಲ್ಲಿ ಹದಿನೆಂಟು ರೂಮಿನ ಚಾದರ, ದಿಂಬು, ಬಚ್ಚಲು, ಎಲ್ಲವೂ ಹೊಸದಾಗಬೇಕು. ಅದೇ ದಿನ ಅಮೆರಿಕದ ಆರೋಗ್ಯ ಇಲಾಖೆಯವರು ಹೇಳದೆ ಕೇಳದೆ ತಪಾಸಣೆಗೆ ಬಂದರಂತೂ ಮುಗಿಯಿತು. ನೂರಕ್ಕೆ 86 ಅಂಕ ಸಿಕ್ಕರೆ ಹಡಗು ಪಾಸು, 85 ಬಂದರೆ ಫೇಲು. ನಮ್ಮ ಎಸ್ಸೆಸ್ಸೆಲ್ಸಿಗಿಂತ ಬಿಗಿ.

ಹಡಗಿನಲ್ಲಿ ಮಲಗುವ ಜಾಗ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ನೀರಿನ ಮಟ್ಟಕ್ಕಿಂತ ಕೆಳಗಿನ ಅಂತಸ್ತು, ಇಬ್ಬರಿಗೆ ಒಂದು ಗೂಡು, ಒಂದರ ಮೇಲೊಂದು ಮಂಚ. ಕಿಟಕಿ ಇಲ್ಲ. ಕೆಳಗಿನ ಮಂಚದಲ್ಲಿ ಗೋವಾದ ಸಾಸಷ್ಟಿಯ ಒಬ್ಬರಿದ್ದರು, ಐವತ್ತು ದಾಟಿದವರು, ಅವರಿಗಿದು ಇಪ್ಪತ್ತನೆಯ ಕಾಂಟ್ರ್ಯಾಕ್ಟೋ ಏನೋ. ಹಡಗಿಗೆ ಹೋಗುವವರನ್ನು ಕೊಂಕಣಿಯಲ್ಲಿ 'ತಾರ್ವಟಿ' ಅನ್ನುತ್ತಾರೆ ಅಂತ ಹೇಳಿಕೊಟ್ಟವರು ಅವರೇ. ಮಗಳು ಹುಟ್ಟಿದಾಗ, ಅವಳ ಮೊದಲ ಪ್ರಸಾದಕ್ಕೆ, ಅವಳ ಮದುವೆಯ ಮಾತುಕತೆಗೆ, ಮೂರಕ್ಕೂ ಅವರು ಸಮುದ್ರದಲ್ಲಿದ್ದರಂತೆ. ಮದುವೆಗೆ ಮಾತ್ರ ರಜೆ ಸಿಕ್ಕಿತ್ತು.

ಮೊದಲ ಸಲ ಊರಿಗೆ ಬಂದಾಗ ಅಮ್ಮ ಕೇಳಿದರು: "ದಿನಾ ಸಮುದ್ರ ನೋಡ್ತಾ ಇರ್ತ್ಯಲ್ಲ ತಮಾ, ಬೇಜಾರ್ ಬರೂದಿಲ್ವಾ?"

ಅಘನಾಶಿನಿಯ ದಂಡೆಯಲ್ಲಿ ಹುಟ್ಟಿದ ನಾನು ಆ ಒಂಬತ್ತು ತಿಂಗಳಲ್ಲಿ ನೋಡಿದಷ್ಟು ಕಡಿಮೆ ನೀರನ್ನು ಬೇರೆ ಯಾವ ವರ್ಷವೂ ನೋಡಿರಲಿಲ್ಲ. ಕಂಡರೆ ಪ್ರವಾಸಿಗರ ಬಾಲ್ಕನಿಯ ಗಾಜು ಒರೆಸುವಾಗ ಕಾಣಬೇಕು.

ಒಂದು ವಿಷಯ ಮಾತ್ರ ಆ ಕೆಲಸದಲ್ಲಿ ನನಗೆ ಹೆಮ್ಮೆಯದ್ದು. ಏಳು ಸಣ್ಣ ಹಾರ್ನ್, ಒಂದು ಉದ್ದ ಹಾರ್ನ್ ಕೇಳಿದರೆ ಅಪಾಯ ಎಂದರ್ಥ. ಆಗ ಹಾಸಿಗೆ ಹಾಸುವವ, ತಟ್ಟೆ ತೊಳೆಯುವವ, ಎಲ್ಲರಿಗೂ ಬೇರೆಯದೇ ಕೆಲಸ. ಜನರನ್ನು ಎಣಿಸಿ ಲೈಫ್‌ಬೋಟಿಗೆ ಹತ್ತಿಸುವವರು ನಾವೇ. ನಾನು ಹಡಗು ಸೇರಿದ ವರ್ಷವೇ, 2012ರ ಜನವರಿ 13ರ ರಾತ್ರಿ, ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ತಾಗಿ ಮಗುಚಿ 32 ಜನ ಸತ್ತಿದ್ದರು. ಅವರಲ್ಲಿ ಒಬ್ಬರು ಮುಂಬೈ ಕಡೆಯ ವೇಟರ್. ಅವರ ದೇಹ ಸಿಕ್ಕಿದ್ದು 2014ರ ನವೆಂಬರಿನಲ್ಲಿ, ಎಲ್ಲರಿಗಿಂತ ಕೊನೆಗೆ. ಡ್ರಿಲ್‌ಗೆ ಕರೆದಾಗ ಗೊಣಗುವ ಹುಡುಗರಿಗೆ ನಮ್ಮ ಸೂಪರ್‌ವೈಸರ್ ಆ ಹಡಗಿನ ಹೆಸರು ಹೇಳಿದರೆ ಸಾಕಿತ್ತು, ಬಾಯಿ ಮುಚ್ಚುತ್ತಿದ್ದರು.

ಎರಡನೇ ಕಾಂಟ್ರ್ಯಾಕ್ಟ್ ಮುಗಿಯುವಾಗ ಸಾಲ ತೀರಿತ್ತು, ಬಳೆ ಬಿಡಿಸಿ ಆಗಿತ್ತು. ಅಪ್ಪನಿಗೆ ಲಕ್ವ ಹೊಡೆಯಿತು. ಒಂಬತ್ತು ತಿಂಗಳು ದೂರ ಇರುವುದು ಇನ್ನು ಆಗದ ಮಾತು. ಹಡಗಿನ ಗೆಳೆಯನೊಬ್ಬ ಕೋಲ್ಕತ್ತಾದ ದೋಣಿಯ ಕೆಲಸ ಹೇಳಿದ. ಸಂಬಳ ಅರ್ಧಕ್ಕಿಂತ ಕಡಿಮೆ, ಆದರೆ ಎರಡು ದಿನ ರೈಲಿನಲ್ಲಿ ಕೂತರೆ ಮನೆ ಮುಟ್ಟಬಹುದು.

ದೋಣಿ ಅಂದರೆ ನಮ್ಮ ತದಡಿಯಲ್ಲಿ ದಾಟಿಸುವಂಥದ್ದಲ್ಲ. ಎರಡು ಅಂತಸ್ತು, ಇಪ್ಪತ್ತೆರಡು ರೂಮು, ಹೆಚ್ಚಿನವರು ಇಂಗ್ಲೆಂಡು, ಜರ್ಮನಿ ಕಡೆಯ ವಯಸ್ಸಾದ ಪ್ರವಾಸಿಗರು. ಕೋಲ್ಕತ್ತಾದಿಂದ ಹೂಗ್ಲಿಯಲ್ಲಿ ಮೇಲಕ್ಕೆ ಹೊರಟು ಚಂದನ್‌ನಗರ, ಕಾಲ್ನಾ, ಮುರ್ಶಿದಾಬಾದ್ ದಾಟಿ ಫರಕ್ಕಾ. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ತುಂಬ ಇದ್ದರೆ ಬಿಹಾರದ ಒಳಗೂ ಹೋಗುತ್ತಿದ್ದೆವು.

ಕೋಲ್ಕತ್ತಾದ ಹೂಗ್ಲಿಗೆ ನಮ್ಮ ಅಘನಾಶಿನಿಯಂತೆ ಭರತ–ಇಳಿತ ಇದೆ ಎಂದು ಕಂಡ ದಿನ ನನಗೆ ಊರಿಗೇ ಬಂದಂತಾಯಿತು. ನೀರು ಇಳಿದಾಗ ಕಾಣುವ ಅದೇ ಕೆಸರು, ಅದೇ ವಾಸನೆ. ಬಳಚು ಹೆಕ್ಕುವ ಹೆಂಗಸರು ಮಾತ್ರ ಇರಲಿಲ್ಲ.

ಇಲ್ಲಿ ನನಗೆ ಸಿಕ್ಕಿದ್ದು ಕೆಳಗಿನ ರೂಮೇ, ಆದರೆ ಅಂಗೈ ಅಗಲದ ಒಂದು ಕಿಟಕಿ ಇತ್ತು. ಕೆಲಸ ಮುಗಿದ ಮೇಲೆ ಮುಂಭಾಗಕ್ಕೆ ಹೋಗಿ ನಿಂತರೆ ಯಾರೂ ಬೈಯುತ್ತಿರಲಿಲ್ಲ. ಅಲ್ಲಿ ಒಬ್ಬ ಹುಡುಗ ಬಣ್ಣದ ಪಟ್ಟೆ ಬಳಿದ ಬಿದಿರಿನ ಗಳ ಇಳಿಸಿ, ಎತ್ತಿ, ಎಷ್ಟು ನೀರಿದೆ ಎಂದು ಕೂಗುತ್ತಿದ್ದ. ಮೇಲೆ ಚಾಲಕನ ಪಕ್ಕ ಆ ಭಾಗದ ನದಿ ಗೊತ್ತಿದ್ದ ಪೈಲಟ್. ಯಂತ್ರವೂ ಆಳ ತೋರಿಸುತ್ತದೆ, ಆದರೂ ಗಳ ಬೇಕು. ಗಂಗೆಯ ಮರಳು ಕಳೆದ ವಾರ ಇದ್ದಲ್ಲಿ ಈ ವಾರ ಇರುವುದಿಲ್ಲ. ಪೈಲಟ್ 'ಸಾರೆಂಗ್' ಅಂದಾಗ ನನಗೆ ನಮ್ಮ ಬೋಟುಗಳ 'ತಾಂಡೇಲ' ನೆನಪಾಯಿತು. ಎರಡೂ ಹಳೇ ಕಾಲದಲ್ಲಿ ಒಂದೇ ಹಡಗಿನ ಹುದ್ದೆಗಳಂತೆ, ಸಾರೆಂಗ್ ಮೇಲೆ, ತಾಂಡೇಲ ಅವನ ಕೈಕೆಳಗೆ. ಆ ಮುದುಕರಿಗೆ ನಾನು ಇದನ್ನು ಹೇಳಿದ ಮೇಲೆ ಅವರು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, ಕೊನೆಯವರೆಗೂ ತಾಂಡೇಲ್ ಎಂದೇ ಕರೆದರು. ಹಾಸಿಗೆ ಹಾಸುವ ತಾಂಡೇಲ!

ಫರಕ್ಕಾದಲ್ಲಿ ಅಣೆಕಟ್ಟಿನ ಪಕ್ಕ ದೋಣಿಗಳಿಗೆಂದೇ ಒಂದು ಲಾಕ್ ಇದೆ. ದೊಡ್ಡ ತೊಟ್ಟಿಯೊಳಗೆ ದೋಣಿ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ, ನೀರು ತುಂಬಿಸುತ್ತಾರೆ, ದೋಣಿ ನಿಂತಲ್ಲೇ ಮೇಲೇಳುತ್ತದೆ, ಆಮೇಲೆ ಮುಂದಿನ ಬಾಗಿಲು ತೆರೆಯುತ್ತದೆ. ನಮ್ಮ ಸರದಿಗೆ ಗಂಟೆಗಟ್ಟಲೆ ಕಾಯುತ್ತಿದ್ದೆವು. ಬಿಹಾರದ ಸುಲ್ತಾನ್‌ಗಂಜಿನಿಂದ ಕಹಲ್‌ಗಾಂವ್‌ವರೆಗಿನ ನದಿ ಡಾಲ್ಫಿನ್‌ಗಳ ಅಭಯಾರಣ್ಯ. ಅವುಗಳಿಗೆ ಕಣ್ಣು ಕಾಣುವುದಿಲ್ಲ ಎನ್ನುವಷ್ಟು ಮಂದ, ಸದ್ದಿನಿಂದಲೇ ಮೀನು ಹುಡುಕುತ್ತವೆ. ಅಲ್ಲಿಯವರು 'ಸೋಂಸ್' ಅನ್ನುತ್ತಾರೆ. ಉಸಿರು ಬಿಡುವ ಸದ್ದೂ ಹಾಗೇ ಇದೆ.

ನದಿಯಲ್ಲಿ ಸಮುದ್ರದಲ್ಲಿಲ್ಲದ ಒಂದು ತೊಡಕಿತ್ತು. ದಡ ಹತ್ತಿರ. ದಡದ ಮೇಲೆ ಊರು. ಊರಿನ ಹೆಂಗಸರು ಘಾಟಿಗೆ ಬಂದು ಬಟ್ಟೆ ಒಗೆಯುತ್ತಾರೆ, ಮೀಯುತ್ತಾರೆ. ನಮ್ಮ ದೋಣಿ ನಿಧಾನಕ್ಕೆ ಹೋಗುತ್ತದೆ, ಮೇಲಿನ ಅಂತಸ್ತಿನಲ್ಲಿ ಚಾ ಕುಡಿಯುತ್ತಾ ಕೂತವರ ಕೈಯಲ್ಲಿ ಮೊಳದುದ್ದದ ಕ್ಯಾಮೆರಾ. ಮಕ್ಕಳು ಟಾಟಾ ಮಾಡಿದರೆ ಎಲ್ಲರಿಗೂ ಖುಷಿ. ಹೆಂಗಸರು ಬೆನ್ನು ತಿರುಗಿಸಿದರೂ ಕ್ಯಾಮೆರಾ ತಿರುಗುತ್ತಿರಲಿಲ್ಲ.

ಒಂದು ಸಂಜೆ ಹೀಗೇ ಒಬ್ಬ ಹೆಂಗಸು ಸೊಂಟದ ತನಕ ನೀರಲ್ಲಿ ನಿಂತು ನಮ್ಮ ಕಡೆ ಕೈ ಎತ್ತಿ ಏನೋ ಕೂಗಿದಳು. ಕ್ಯಾಮೆರಾ ಹಿಡಿದಿದ್ದ ಹಿರಿಯರು ಚಾ ಕೊಡಲು ಬಂದ ನನ್ನನ್ನು ಕೇಳಿದರು, ಏನಂತೆ? ನನಗೆ ಬಂಗಾಳಿ ಬಾರದು. ಗಳ ಹಿಡಿದ ಹುಡುಗ ಅರ್ಧಂಬರ್ಧ ಹಿಂದಿಯಲ್ಲಿ ಹೇಳಿದ: "ನಿಮ್ಮ ಬಚ್ಚಲಮನೆ ಎದುರು ಬಂದು ನಾವು ನಿಲ್ಲಬಹುದಾ ಅಂತ ಕೇಳ್ತಿದ್ದಾಳೆ." ನಾನು ಅದನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕ್ಯಾಮೆರಾ ಇಳಿಸಿದರು, ಮುಖ ಕೆಂಪಾಯಿತು, ಆಮೇಲೆ ಆ ಪ್ರವಾಸ ಪೂರ್ತಿ ಘಾಟಿನ ಕಡೆ ಲೆನ್ಸ್ ಎತ್ತಲಿಲ್ಲ. ಒಳ್ಳೆಯ ಮನುಷ್ಯ.

ರಾತ್ರಿ ಮ್ಯಾನೇಜರ್ ಕರೆದರು. ಪ್ರವಾಸಿಗರ ಮನಸ್ಸು ಕೆಡಿಸುವುದು ನಿನ್ನ ಕೆಲಸ ಅಲ್ಲ, ಮುಂದೆ ಯಾರಾದರೂ ಕೇಳಿದರೆ 'ನಮಸ್ಕಾರ ಅಂತಿದ್ದಾರೆ' ಎಂದು ಹೇಳು ಅಂದರು. ಆ ತಿಂಗಳ ಟಿಪ್ಸ್ ಹಂಚಿಕೆಯಲ್ಲಿ ನನ್ನ ಪಾಲು ತೆಳ್ಳಗಾಗಿತ್ತು. ಈಗ ನೆರೆ ಬಂದಾಗ ಗಂಜಿ ಕೇಂದ್ರಕ್ಕೆ ಹೋಗುತ್ತೇನೆ, ಫೋಟೊ ತೆಗೆಯುವ ಮೊದಲು "ತೆಗೀಲಾ ಅಕ್ಕಾ?" ಎಂದು ಕೇಳುತ್ತೇನೆ. ಡೆಸ್ಕಿನವರು ಫೋನು ಮಾಡಿ ಅಳುವ ಮುಖ ಯಾಕಿಲ್ಲ ಅನ್ನುತ್ತಾರೆ. ಬೇಡ ಅಂದರು ಸರ್, ಅನ್ನುತ್ತೇನೆ.

2020ರಲ್ಲಿ ಕೊರೊನಾ ಬಂದಾಗ ಹಡಗುಗಳು ಪ್ರವಾಸಿಗರನ್ನು ಇಳಿಸಿ ಕೆಲಸಗಾರರ ಸಮೇತ ಸಮುದ್ರದಲ್ಲೇ ನಿಂತವು. ಯಾವ ಬಂದರೂ ಇಳಿಯಲು ಬಿಡಲಿಲ್ಲ. ನಮ್ಮ ಪಕ್ಕದೂರಿನ ಹುಡುಗನೊಬ್ಬ ಅಂಥದರಲ್ಲಿ ಎರಡು ತಿಂಗಳಿಗೂ ಹೆಚ್ಚು ಸಿಕ್ಕಿಬಿದ್ದಿದ್ದ. ಒಬ್ಬರಿಂದ ಒಬ್ಬರಿಗೆ ತಾಗಬಾರದೆಂದು ಅವನಿಗೆ ಪ್ರವಾಸಿಗರ ರೂಮು ಕೊಟ್ಟಿದ್ದರಂತೆ, ಬಾಲ್ಕನಿ ಇದ್ದದ್ದು. ವೀಡಿಯೊ ಕಾಲ್‌ನಲ್ಲಿ ಕ್ಯಾಮೆರಾ ತಿರುಗಿಸಿ ತೋರಿಸಿದ. ನೀಲಿ ನೀರು, ದೂರದಲ್ಲಿ ಇನ್ನೂ ನಾಲ್ಕು ಖಾಲಿ ಹಡಗು. "ನಾಲ್ಕು ವರ್ಷದಲ್ಲಿ ಈಗ ಕಿಟಕಿ ಸಿಕ್ತು ಅಣ್ಣಾ," ಅಂದ. ಆ ಹೊತ್ತಿಗೆ ಅವನಿಗೆ ಸಂಬಳ ನಿಂತಿತ್ತು. ಅವನ ಅಮ್ಮನನ್ನು ಮಾತಾಡಿಸಿ ನಾನು ಬರೆದ ಸುದ್ದಿ ಒಳಪುಟದಲ್ಲಿ ಎರಡು ಕಾಲಂ ಬಂತು. ಅವನು ಜೂನ್‌ನಲ್ಲಿ ಊರಿಗೆ ಬಂದ, ಮರುವರ್ಷ ಮತ್ತೆ ಅದೇ ಹಡಗಿಗೆ ಹೋದ. ಅಲ್ಲಿ ಸಿಗುವಷ್ಟು ಹಣ ಇಲ್ಲಿ ಸಿಗುವುದಿಲ್ಲ ಎನ್ನುವುದನ್ನೂ ಹೇಳದಿದ್ದರೆ ನಾನು ಸುಳ್ಳು ಬರೆದಂತೆ. ನಮ್ಮ ಮನೆಯ ಹಂಚು, ತಂಗಿಯ ಡಿ.ಎಡ್., ಅಪ್ಪನ ಮಣಿಪಾಲದ ಬಿಲ್ಲು, ಎಲ್ಲ ಆ ಕಿಟಕಿಯಿಲ್ಲದ ಗೂಡಿನಿಂದಲೇ ಬಂದದ್ದು.

ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಾಲ ಮಾಡಿ ಏಜೆಂಟಿಗೆ ಕೊಟ್ಟು ಹೋಗಬೇಡಿ ಎನ್ನುತ್ತೇನೆ. ಹಾಗೆ ಹೋದವನಿಗೆ ಮೊದಲ ಕಾಂಟ್ರ್ಯಾಕ್ಟ್ ಪೂರ್ತಿ ಬಾಯಿ ತೆರೆಯಲು ಬರುವುದಿಲ್ಲ. ದಿನಕ್ಕೆ ಕನಿಷ್ಠ ಹತ್ತು ತಾಸು ವಿಶ್ರಾಂತಿ ಕೊಡಬೇಕೆಂದು ಅದೇ ಒಪ್ಪಂದದಲ್ಲಿದೆ. ಸಾಲ ಹೊತ್ತವನು ಎಂಟು ತಾಸು ಸಿಕ್ಕರೂ ಹತ್ತು ಎಂದು ಸಹಿ ಹಾಕುತ್ತಾನೆ.

ಗಳ ಹಿಡಿದಿದ್ದ ಆ ಮುರ್ಶಿದಾಬಾದಿನ ಹುಡುಗ ಈಗಲೂ ಸಂಪರ್ಕದಲ್ಲಿದ್ದಾನೆ. ಅವನ ಊರು ಗಂಗೆಯ ದಂಡೆ. ಅಲ್ಲಿ ಪ್ರತಿ ಮಳೆಗಾಲ ನದಿ ದಂಡೆ ಕೊರೆಯುತ್ತದೆ, ಮನೆ, ಮಾವಿನ ತೋಟ, ಮಸೀದಿ, ದೇವಸ್ಥಾನ ಎನ್ನದೆ ಒಳಗೆಳೆದುಕೊಳ್ಳುತ್ತದೆ. ಅವನ ಮನೆ ಎರಡು ಸಲ ಹಿಂದೆ ಸರಿದಿದೆ. ಎರಡನೆಯ ಸಲ ಅವನು ಕಳಿಸಿದ ಫೋಟೊದಲ್ಲಿ ಅರ್ಧ ಅಡುಗೆಮನೆ ಗಾಳಿಯಲ್ಲಿ ನೇತಾಡುತ್ತಿತ್ತು, ಒಲೆ ಇನ್ನೂ ಅಲ್ಲೇ ಇತ್ತು. ಜಾಗ ಕೊಳ್ಳಬೇಕು, ದೋಣಿಯ ಸಂಬಳ ಸಾಲದು.

ಹೋದ ವಾರ ಫೋನು ಮಾಡಿದ್ದ. ಸಮುದ್ರದ ಹಡಗಿಗೆ ಹೋಗುತ್ತಾನಂತೆ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ಕೋಲ್ಕತ್ತಾದ ಏಜೆಂಟ್ ಮೂರು ಲಕ್ಷ ಕೇಳಿದ್ದಾರೆ. ಲೈಸೆನ್ಸ್ ನಂಬರ್ ಕಳಿಸು ಅಂದೆ. ಕಳಿಸಿದ. ಪಟ್ಟಿಯಲ್ಲಿ ಹುಡುಕಿದೆ, ಇಲ್ಲ. ಅದನ್ನೇ ಅವನಿಗೆ ಬರೆದೆ, ಇರುವ ಕಚೇರಿಗಳ ಪಟ್ಟಿಯನ್ನೂ ಕಳಿಸಿದೆ. ಎರಡು ನೀಲಿ ಗೀಟು ಬಿದ್ದಿವೆ. ಉತ್ತರ ಇನ್ನೂ ಬಂದಿಲ್ಲ.