ಕಡಲೂ ಗಿರಿಯೂ ಎಲ್ಲೆಗಳಾಗಿ

ದಿಗ್ವ್ರತವನ್ನು ಸ್ವೀಕರಿಸುವ ಶ್ರಾವಕನು ತನ್ನ ಸಂಚಾರದ ಎಲ್ಲೆಗಳನ್ನು ಹೇಗೆ ಗುರುತಿಸಬೇಕೆಂಬುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಎಲ್ಲರೂ ಬಲ್ಲ ಸಮುದ್ರ, ನದಿ, ಅಡವಿ, ಗಿರಿ, ಜನಪದ, ಯೋಜನ ಇವೇ ಆ ಎಲ್ಲೆಗಳು. ಇಂದು ರಜೆ ಬಂದೊಡನೆ ಕಾರು ಏರುವ ಕುಟುಂಬಗಳಿಗೆ ಅದೇ ಸಮುದ್ರ, ಅದೇ ಗಿರಿ ಎಲ್ಲೆಗಳಾಗಿ ಉಳಿದಿಲ್ಲ, ತಲುಪಬೇಕಾದ ತಾಣಗಳಾಗಿವೆ. ಹಾಗಾದರೆ ವ್ರತನಿಷ್ಠರ ಮನೆಯ ಮಕ್ಕಳು ಕಡಲತೀರವನ್ನಾಗಲಿ ಬೆಟ್ಟದ ಹಾದಿಯನ್ನಾಗಲಿ ನೋಡಲೇಬಾರದೆ?

ಬೆಳಗಾವಿ ಕಡೆಯ ಒಂದು ಮನೆಯಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದ್ದಿತು. ಮೊಮ್ಮಗನು ಆಷಾಢದ ಮಳೆಯಲ್ಲಿ ಗೆಳೆಯರೊಡನೆ ಕೊಡಚಾದ್ರಿಯನ್ನು ಏರಲು ಹೊರಟಿದ್ದ. ಎಲ್ಲಕ್ಕೂ ‘ಬೇಡ’ ಎನ್ನುವುದೇ ಧರ್ಮವೆಂದು ಅವನಿಗೆ ಅನ್ನಿಸತೊಡಗಿತ್ತು. ಹೋಗಬೇಡವೆಂದರೆ ಅವನು ಹೇಳದೆಯೇ ಹೋಗುವನು. ಹೋಗೆಂದರೆ ತಮ್ಮ ವ್ರತಕ್ಕೆ ಅರ್ಥವಿಲ್ಲ ಎಂಬ ಸಂಕಟ ಅಜ್ಜಿಗೆ. ಅವರು ಎರಡನ್ನೂ ಹೇಳಲಿಲ್ಲ. ಮುನಿಗಳು ಈ ನಾಲ್ಕು ತಿಂಗಳು ಏಕೆ ಒಂದೆಡೆ ನಿಲ್ಲುತ್ತಾರೆ ಎಂದು ಮಾತ್ರ ಕೇಳಿದರು.

ಉತ್ತರ ಪಶ್ಚಿಮ ಘಟ್ಟದ ನೆಲದಲ್ಲಿಯೇ ಇದೆ. ಮೊದಲ ಮಳೆಯೊಡನೆ ಅಲ್ಲಿ ಬೀಜಗಳು ಮೊಳೆಯುತ್ತವೆ, ಕಪ್ಪೆಗಳು ನೀರಿನಲ್ಲಿಯೂ ಎಲೆಗಳ ಮೇಲೆಯೂ ಮೊಟ್ಟೆಯಿಡುತ್ತವೆ. ಹುಳು, ಸಹಸ್ರಪದಿ, ಇಂಬಳಗಳು ಹಾದಿಯನ್ನೇ ತುಂಬುತ್ತವೆ. ಇಡುವ ಪ್ರತಿಯೊಂದು ಹೆಜ್ಜೆಯೂ ಜೀವಘಾತಕ್ಕೆ ಕಾರಣವಾಗಬಹುದಾದ ಕಾಲವದು. ವರ್ಷದ ಎಂಟು ತಿಂಗಳು ಬರಿಗಾಲಿನಲ್ಲಿ ವಿಹರಿಸುವವರೇ ಆಗ ನಡಿಗೆಯನ್ನು ನಿಲ್ಲಿಸುತ್ತಾರೆ. ಹಸಿರು ನೋಡುವ ನೆಪದಲ್ಲಿ ಪಟ್ಟಣದ ಜನ ಬೆಟ್ಟಗಳಿಗೆ ಮುತ್ತುವುದು ಸಹ ಆಗಲೇ.

ಪಯಣ ಮಾರ್ಗಶಿರಕ್ಕೆ ಮುಂದೂಡಲ್ಪಟ್ಟಿತು. ಅಜ್ಜಿಯ ದೇಶವ್ರತವೇ ಎಲ್ಲರ ಪ್ರವಾಸದ ನಕ್ಷೆಯಾಯಿತು: ಐದು ದಿನ; ಪಶ್ಚಿಮಕ್ಕೆ ಕಡಲು, ದಕ್ಷಿಣಕ್ಕೆ ಕಾರ್ಕಳ, ಪೂರ್ವಕ್ಕೆ ಕುಂದಾದ್ರಿ.

ಅಂಕೋಲದಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ ಬಂದರೆ ಹೊನ್ನಾವರದ ಕಾಸರಕೋಡು, ಮುಂದೆ ಭಟ್ಕಳ, ಆಮೇಲೆ ಒಂದು ಬದಿಗೆ ಕಡಲು ಮತ್ತೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಮರವಂತೆ. ಮರಳು ನಿರ್ಜೀವವೆಂದು ತೋರುವುದು ಮೇಲುನೋಟಕ್ಕೆ ಮಾತ್ರ. ಅದರ ಬಿಲಗಳಲ್ಲಿ ಏಡಿಗಳಿವೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಈ ಕರಾವಳಿಗೆ ಬಂದು ಗುಂಡಿ ತೋಡಿ ನೂರರಷ್ಟು ಮೊಟ್ಟೆಗಳನ್ನಿಟ್ಟು ಹೋಗುತ್ತವೆ. ಸುಮಾರು 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗಳು ಬೆಳಕಿನ ದಿಕ್ಕನ್ನೇ ಕಡಲೆಂದು ನಂಬಿ ತೆವಳುತ್ತವೆ. ತೀರದ ದೀಪಗಳೂ ವಾಹನಗಳ ಬೆಳಕೂ ಅವುಗಳನ್ನು ದಾರಿತಪ್ಪಿಸುತ್ತವೆ. ಮರಳಿನ ಮೇಲೆ ವಾಹನ ಓಡಿಸುವುದು, ಇರುಳಿನಲ್ಲಿ ಬೆಂಕಿ ಹಾಕಿ ಕುಣಿಯುವುದು ಯಾರ ಹೊಟ್ಟೆಯನ್ನೂ ತುಂಬಿಸದ, ಯಾರ ಕಷ್ಟವನ್ನೂ ನೀಗದ ಹಿಂಸೆ. ಶಾಸ್ತ್ರವು ಅನರ್ಥದಂಡವೆಂದು ಕರೆದದ್ದು ಇದನ್ನೇ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮವುಳ್ಳ ಆ ಕುಟುಂಬ ಕತ್ತಲಾಗುವ ಮೊದಲೇ ತೀರವನ್ನು ಬಿಟ್ಟಿತು. ಮೊಮ್ಮಗನಿಗೆ ಆ ನಿಯಮದ ಇನ್ನೊಂದು ಪ್ರಯೋಜನ ಅಂದು ತಿಳಿಯಿತು.

ಕೊಡಚಾದ್ರಿಯನ್ನು ಅವನು ಹಗಲಿನಲ್ಲಿ ಏರಿ ಇಳಿದನು. ಈರ್ಯಾಸಮಿತಿಯು ಮುನಿಗಳಿಗೆ ವಿಧಿಸುವುದೇನು? ಕಾರ್ಯವಿದ್ದಾಗ ನಡೆಯಬೇಕು, ಹಗಲಿನಲ್ಲಿ ನಡೆಯಬೇಕು, ಜನ ತುಳಿದು ಸವೆದ ಹಾದಿಯಲ್ಲಿ ನಡೆಯಬೇಕು, ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಅವಸರವಿಲ್ಲದೆ ನಡೆಯಬೇಕು. ಹಾದಿ ಬಿಟ್ಟು ಅಡ್ಡದಾರಿ ಹಿಡಿದರೆ ಹುಲ್ಲುಗಾವಲಿನ ಬೇರು ಸಡಿಲಿ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆಂದು ಅರಣ್ಯವನ್ನು ಬಲ್ಲವರು ಹೇಳುವುದಕ್ಕೂ ಇದಕ್ಕೂ ಭೇದವಿಲ್ಲ. ಗೃಹಸ್ಥನಿಂದ ಇದರ ಪೂರ್ಣ ಪಾಲನೆ ಅಸಾಧ್ಯ. ಆದರೆ ಒಂದು ದಿನದ ಬೆಟ್ಟದ ಹಾದಿ ಅದರ ಅಭ್ಯಾಸಕ್ಕೆ ತಕ್ಕ ಸ್ಥಳ.

ಕೊನೆಯ ಎರಡು ದಿನಗಳು ಕ್ಷೇತ್ರಗಳಿಗೆ ಮೀಸಲಾದವು. 1432ರಲ್ಲಿ ಪ್ರತಿಷ್ಠಾಪಿತನಾದ ಕಾರ್ಕಳದ ಬಾಹುಬಲಿ, ದೋಣಿಯಲ್ಲಿ ಹೋಗಿ ದರ್ಶನ ಪಡೆಯಬೇಕಾದ ವರಂಗದ ಕೆರೆಬಸದಿ, ಆಗುಂಬೆ ಘಟ್ಟವನ್ನು ಏರಿದ ಮೇಲೆ ಕುಂದಕುಂದಾಚಾರ್ಯರ ಹೆಸರಿನೊಡನೆ ಬೆಸೆದ ಕುಂದಾದ್ರಿ. ಅಲ್ಲಿ ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲೆ ಅಜ್ಜಿಯೂ ಮೊಮ್ಮಗನೂ ಬಹಳ ಹೊತ್ತು ಕುಳಿತಿದ್ದರು. ಪೂರ್ವದ ಎಲ್ಲೆ ಅದು. ಮುಂದೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ.

ತಾನಾಗಿ ಎಲ್ಲೆ ಹಾಕಿಕೊಳ್ಳದ ಸಮಾಜಕ್ಕೆ ಹೊರಗಿನವರು ಎಲ್ಲೆ ಹಾಕಬೇಕಾಗುತ್ತದೆ. ಕುಮಾರ ಪರ್ವತದಲ್ಲಿ ಜನದಟ್ಟಣೆ ಮಿತಿಮೀರಿದಾಗ, 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅನಂತರ ಚಾರಣಪಥಗಳಿಗೆ ಮುಂಗಡ ನೋಂದಣಿಯ ವ್ಯವಸ್ಥೆಯೂ ದಿನಕ್ಕೆ ಇಷ್ಟೇ ಜನವೆಂಬ ಮಿತಿಯೂ ಬಂದವು. ಆಜ್ಞೆಯಿಂದ ಬಂದ ಮಿತಿಯನ್ನು ಮೀರಲು ಮನಸ್ಸು ಸಂದು ಹುಡುಕುತ್ತದೆ. ಸ್ವಂತ ಇಚ್ಛೆಯಿಂದ ಹಾಕಿಕೊಂಡ ಮಿತಿಯ ಒಳಗೆ ಅದು ಶಾಂತವಾಗಿ ನೋಡುವುದನ್ನು ಕಲಿಯುತ್ತದೆ.

ಕರಾವಳಿಯ ಮತ್ತು ಮಲೆನಾಡಿನ ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಮಾಡಬಹುದಾದದ್ದು ಬಹಳಷ್ಟಿದೆ. ತಂಗಲು ಬರುವ ಕುಟುಂಬಗಳಿಗೆ ಹೊರಡುವ ಮುನ್ನ ಆ ದಿನದ ದೇಶವ್ರತವನ್ನು ತಿಳಿಸಿ ಕೊಡಬಹುದು. ಚಾತುರ್ಮಾಸದಲ್ಲಿ ಬೆಟ್ಟದ ಹಾದಿಗಳನ್ನು ಬಿಟ್ಟು ಬಸದಿಯಲ್ಲಿ ಸ್ವಾಧ್ಯಾಯಕ್ಕೆ ನಿಲ್ಲುವಂತೆ ಯುವಕರನ್ನು ಕರೆಯಬಹುದು. ಕಾರ್ತಿಕ ಕಳೆದ ಮೇಲೆ ಅವರನ್ನು ಒಟ್ಟಾಗಿ, ಹಗಲಿನಲ್ಲಿ, ನೆಲ ನೋಡುತ್ತ ನಡೆಸಿಕೊಂಡು ಹೋಗಬಹುದು.