ನಮ್ಮ ಒಲೆಯ ಹೊಗೆ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಪರೀಕ್ಷೆಯ ಫಲಗಳನ್ನೂ ಬಹುಮಾನಗಳನ್ನೂ ಕುರಿತು ಬರೆಯುವದು ವಾಡಿಕೆ. ಈ ಸಲ ನಾವು ನಮ್ಮದೊಂದು ತಪ್ಪನ್ನು ಒಪ್ಪಿಕೊಂಡು, ಅದರಿಂದ ಕಲಿತ ಪಾಠವನ್ನು ನಿಮ್ಮಲ್ಲಿ ಅರಿಕೆ ಮಾಡಬೇಕೆಂದಿರುವೆವು.

ಕಳೆದ ಚಳಿಗಾಲದಲ್ಲಿ ಅರಕೇರಿಯ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ದಿನಾಲು ಕೆಂಗಣ್ಣಿನಿಂದ ಶಾಲೆಗೆ ಬರುತ್ತಿದ್ದಳು; ಪಾಠದ ನಡುವೆ ಕೆಮ್ಮುತ್ತಿದ್ದಳು. ರಾತ್ರಿ ನಿದ್ದೆಗೆಟ್ಟು ಮೊಬೈಲು ನೋಡುವಳೆಂದು ಭಾವಿಸಿ ನಾವು ಅವಳನ್ನು ಎಲ್ಲರೆದುರಿಗೆ ಗದರಿಸಿದೆವು. ಅವಳು ತಲೆ ತಗ್ಗಿಸಿದಳೇ ಹೊರತು ಮಾರುತ್ತರ ಕೊಡಲಿಲ್ಲ. ಕೆಮ್ಮು ನಿಲ್ಲದ್ದರಿಂದ ಒಂದು ಶನಿವಾರ ಸಂಜೆ ಅವಳ ಮನೆಗೆ ಹೋದೆವು.

ಅಡಿಗೆಯ ಕೋಣೆಗೆ ಕಿಟಕಿಯಿರಲಿಲ್ಲ. ಮಾಳಿಗೆಯ ಬೆಳಕಿಂಡಿಗೆ ಮಳೆಗಾಲದಲ್ಲಿ ಮುಚ್ಚಿದ ತಗಡು ಹಾಗೆಯೇ ಇತ್ತು. ತಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಹುಡುಗಿಯು ಚಿಕ್ಕ ತಮ್ಮನನ್ನು ಮಡಿಲಲ್ಲಿಟ್ಟುಕೊಂಡು, ತೊಗರಿಕಟ್ಟಿಗೆಯನ್ನೂ ಕುಳ್ಳನ್ನೂ ಒಟ್ಟಿ ಒಲೆ ಊದುತ್ತಿದ್ದಳು. ಬಾಗಿಲಲ್ಲಿ ನಿಂತ ನಮಗೂ ಕಣ್ಣಲ್ಲಿ ನೀರೂರಿತು. ಮೂಲೆಯಲ್ಲಿ ಗ್ಯಾಸಿನ ಒಲೆಯಿತ್ತು. ಸಿಲಿಂಡರಿನ ಖರ್ಚಿಗೆ ಅಂಜಿ ಅದನ್ನು ಚಹಕ್ಕೆ ಮಾತ್ರ ಹಚ್ಚುತ್ತಿದ್ದರು. ಹೊಗೆಯ ಮಾತು ತೆಗೆದಾಗ ಆ ತಾಯಿ, “ಅಕ್ಕೋರ, ಒಲಿ ಅಂದ ಮ್ಯಾಲ ಹೊಗಿ ಇರೂದ ಅಲ್ಲೇನ್ರಿ? ನಮ್ಮವ್ವನೂ ಹಿಂಗ ರೊಟ್ಟಿ ಬಡದ್ಲು” ಎಂದರು.

ವಾಯುಮಾಲಿನ್ಯವೆಂದರೆ ಕಾರಖಾನೆಯ ಚಿಮಣಿ, ಪಟ್ಟಣದ ಮೋಟಾರುಗಳು ಎಂದೇ ನಾವು ವರ್ಷಾನುಗಟ್ಟಲೆ ಕಲಿಸಿದ್ದೆವು. ಅದು ಸುಳ್ಳಲ್ಲ, ಆದರೆ ನಮ್ಮ ಹೆಣ್ಣುಮಕ್ಕಳಿಗೆ ಅತಿ ಸಮೀಪದ ಹೊಗೆಯನ್ನು ನಾವು ಮರೆತಿದ್ದೆವು. ಹೊಗೆಯಲ್ಲಿ ಕಾಣುವ ಮಸಿಗಿಂತ ಕಾಣದ ಕಣಗಳು ಹೆಚ್ಚು ಘಾತಕವಾದವು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಮೈಕ್ರಾನು, 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಮೂಗು ಗಂಟಲುಗಳನ್ನು ದಾಟಿ ಪುಪ್ಪುಸದ ಆಳಕ್ಕಿಳಿಯುವವು. ಇದರಿಂದ ಕೂಸುಗಳಿಗೆ ನ್ಯುಮೋನಿಯಾ, ದೊಡ್ಡವರಿಗೆ ದಮ್ಮು, ಹೃದಯರೋಗ, ಪಾರ್ಶ್ವವಾಯು, ಕಣ್ಣಿನ ಪೊರೆ ಉಂಟಾಗಬಹುದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮಡಿದರೆಂದೂ, ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಮಿಕ್ಕಿ ಐದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಉಪಾಯಗಳಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಹೊಗೆಕೊಳವೆಯುಳ್ಳ, ಕಟ್ಟಿಗೆ ಕಡಿಮೆ ಬೇಡುವ ಒಲೆಯನ್ನು ರೂಪಿಸಿದರು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಬಡ ಮನೆಗಳಿಗೂ ಗ್ಯಾಸು ಬಂದಿತು. ಆದರೆ ಒಲೆ ಮನೆಗೆ ಬಂದರೆ ಸಾಲದು, ನಿತ್ಯವೂ ಉರಿಯಬೇಕು. ಅದು ಸಾಧ್ಯವಾಗುವವರೆಗೆ ಬೆಳಕಿಂಡಿ ತೆರೆದಿಡಿರಿ. ಒಣಗಿದ ಕಟ್ಟಿಗೆಯನ್ನೇ ಬಳಸಿರಿ. ಒಲೆ ಹೊತ್ತಿಸಲು ಪ್ಲಾಸ್ಟಿಕ್ಕನ್ನು ಸುಡಬೇಡಿರಿ. ಕೂಸನ್ನು ಒಲೆಯ ಬಳಿ ಕೂಡ್ರಿಸಬೇಡಿರಿ.

ಬೋಧಿಸುವ ಮೊದಲು ನಾವೂ ತಿದ್ದಿಕೊಳ್ಳಬೇಕಾಯಿತು. ಶಾಲೆಯ ಅಂಗಳದ ಒಣ ಎಲೆಗಳನ್ನು ಪ್ರತಿ ಶನಿವಾರ ಸುಡಿಸುತ್ತಿದ್ದವರು ನಾವೇ. ಈಗ ಅವು ಗೊಬ್ಬರದ ಕುಣಿಗೆ ಬೀಳುತ್ತಿವೆ.

ಮರುವಾರ ಆ ಹುಡುಗಿಯ ತಂದೆ ತಗಡನ್ನು ತೆಗೆದರು; ತಾಯಿ ಮುಂಜಾನೆಯ ಅಡಿಗೆಯನ್ನಾದರೂ ಗ್ಯಾಸಿನ ಮೇಲೆ ಮಾಡತೊಡಗಿದರು. ವೈದ್ಯರಿಗೆ ತೋರಿಸಿದ ಮೇಲೆ ಕೆಮ್ಮು ಇಳಿದಿದೆ, ಪೂರ್ತಿ ಹೋಗಿಲ್ಲ. ಎಲ್ಲರೆದುರಿಗೆ ಗದರಿಸಿದ ನಾವು ಎಲ್ಲರೆದುರಿಗೇ ಅವಳ ಕ್ಷಮೆ ಕೇಳಿದೆವು.

ಪಾಲಕರೇ, ಈ ಸಂಚಿಕೆಯನ್ನು ಓದಿ ಕೆಳಗಿಟ್ಟ ಬಳಿಕ ನಿಮ್ಮ ಅಡಿಗೆಮನೆಯ ಜಂತಿಗಳನ್ನೊಮ್ಮೆ ಕತ್ತೆತ್ತಿ ನೋಡಿರಿ. ಅಲ್ಲಿ ಮಸಿ ಹತ್ತಿದ್ದರೆ, ಅದೇ ಹೊಗೆಯನ್ನು ನಿಮ್ಮ ಮಗಳೂ ಉಸಿರಾಡಿರುವಳೆಂದು ತಿಳಿಯಿರಿ.